ಕೋರಿಡಾಲಿಸ್ ಸತ್ತಿತೇ, ಮಲಗಿತೇ, ಇಲ್ಲಾ ಬೇರೆಯದೇ ಬಂತೇ? ದೋಷ ಪತ್ತೆ ಹಚ್ಚುವ ಬಗೆ

ಜರ್ಮನಿ, ಸ್ವೀಡನ್, ಇಂಗ್ಲೆಂಡ್ ಕಡೆ ನೆಲೆಸಿ, ಮನೆ ಹಿಂದೆ ನಾಲ್ಕು ಅಡಿ ಮಣ್ಣು ಸಿಕ್ಕ ಕನ್ನಡಿಗರು ಮೊದಲು ಟ್ಯುಲಿಪ್ ನೆಡುತ್ತಾರೆ, ಆಮೇಲೆ ಡ್ಯಾಫೊಡಿಲ್. ಮೂರನೆಯ ಚಳಿಗಾಲದ ಹೊತ್ತಿಗೆ ಯಾರಾದರೂ ಒಂದು ಪೊಟ್ಟಣ ಕೋರಿಡಾಲಿಸ್ ಗೆಡ್ಡೆ ಕೈಗಿಡುತ್ತಾರೆ. ನಮ್ಮ ಗಸಗಸೆಯ ಕುಟುಂಬದ ಗಿಡ ಇದು. ಗೇಣುದ್ದದ ದಂಟು, ಕೊತ್ತಂಬರಿ ಸೊಪ್ಪಿನಂಥ ಎಲೆ, ಹಿಂದೆ ಬಾಲ ಚಾಚಿದ ಹೂಗಳ ಗೊಂಚಲು. ಸಾಕುವುದು ಕಷ್ಟವಲ್ಲ. ಆದರೂ ಇದರ ಬಗ್ಗೆ ಕೇಳಿಬರುವಷ್ಟು ದೂರು ಬೇರೆ ಗೆಡ್ಡೆಗಿಡಗಳ ಬಗ್ಗೆ ಕೇಳಿಬರುವುದಿಲ್ಲ: ಮೇಲೇಳಲೇ ಇಲ್ಲ, ಎದ್ದದ್ದು ಮೇ ತಿಂಗಳಲ್ಲಿ ಸತ್ತುಹೋಯಿತು, ಎಲೆ ಬಂದರೂ ಹೂವಿಲ್ಲ, ಕೆಂಪು ಕೇಳಿದರೆ ನೇರಳೆ ಬಂತು.

ನಾನು ನೋಡಿದ ಮಟ್ಟಿಗೆ ಈ ದೂರುಗಳಲ್ಲಿ ಹೆಚ್ಚಿನವು ಗಿಡದ ದೋಷವೇ ಅಲ್ಲ. ಒಂದೋ ತಿಂಗಳು ತಪ್ಪಾಗಿ ಓದಿರುತ್ತೇವೆ, ಇಲ್ಲವೇ ಪೊಟ್ಟಣದ ಹೆಸರನ್ನು ನಂಬಿರುತ್ತೇವೆ. ಹಾಗಾಗಿ ಗುದ್ದಲಿ ಎತ್ತುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಈಗ ಯಾವ ತಿಂಗಳು? ನನ್ನ ಹತ್ತಿರ ಇರುವುದು ನಿಜಕ್ಕೂ ಯಾವ ಜಾತಿ? ಔಷಧಿ, ಗೊಬ್ಬರ, ಅಂಗಡಿಯವರ ಜೊತೆ ಜಗಳ ಎಲ್ಲ ಆಮೇಲೆ.

ಮೊದಲು ಕ್ಯಾಲೆಂಡರ್ ನೋಡಿ

ತೋಟಗಳಲ್ಲಿ ಅತಿ ಹೆಚ್ಚು ಕಾಣುವ ಕೋರಿಡಾಲಿಸ್ ಸಾಲಿಡಾವನ್ನೇ ತೆಗೆದುಕೊಳ್ಳೋಣ. ಶರತ್ಕಾಲದಲ್ಲಿ, ಬೇರೆ ಗಿಡಗಳು ಎಲೆ ಉದುರಿಸುವಾಗ, ಇದು ಮಣ್ಣಿನೊಳಗೆ ಬೇರು ಬಿಡುತ್ತದೆ. ಚಳಿಗಾಲವಿಡೀ ಸುಳಿ ನೆಲದಡಿಯಲ್ಲೇ ಕಾದಿರುತ್ತದೆ. ಜರ್ಮನಿಯಲ್ಲಾದರೆ ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲಲ್ಲಿ ತಲೆ ಎತ್ತಿ, ಮಾರ್ಚ್-ಏಪ್ರಿಲ್‌ನಲ್ಲಿ ಹೂ ಬಿಟ್ಟು, ಮೇಲಿನ ಮರಗಳು ಎಲೆ ತುಂಬಿಕೊಂಡು ನೆರಳು ಕವಿಯುವಷ್ಟರಲ್ಲಿ ಬೀಜ ಉದುರಿಸಿರುತ್ತದೆ. ಮೇ ತಿಂಗಳಲ್ಲಿ ಎಲೆ ಹಳದಿ, ಜೂನ್ ಹೊತ್ತಿಗೆ ನೆಲ ಬರಿದು. ಉತ್ತರಕ್ಕೆ ಹೋದಂತೆ ಇದೇ ಆಟ ಕೆಲವು ವಾರ ತಡವಾಗಿ ನಡೆಯುತ್ತದೆ.

ಹಾಗಾಗಿ ಮೇ ತಿಂಗಳಲ್ಲಿ ಹಳದಿಯಾದ ಗಿಡಕ್ಕೆ ರೋಗ ಬಂದಿಲ್ಲ. ಅದಕ್ಕೆ ನೀರು ಹೊಯ್ಯಬೇಡಿ, ಗೊಬ್ಬರ ಹಾಕಬೇಡಿ, ಮುಖ್ಯವಾಗಿ ಎಲೆ ಕೀಳಬೇಡಿ. ತೊಂದರೆ ಏನೆಂದರೆ ಊರಿಂದ ಹಿರಿಯರು ಬರುವುದೂ ಸಾಮಾನ್ಯವಾಗಿ ಇದೇ ಮೇ ತಿಂಗಳಲ್ಲಿ, ಬಂದ ಮೇಲೆ ಅವರಿಗೆ ಕೈ ಸುಮ್ಮನಿರುವುದಿಲ್ಲ. ನಮ್ಮ ಅತ್ತೆ ಬಂದ ಮರುದಿನ ಬೆಳಿಗ್ಗೆಯೇ ಹಿತ್ತಲಲ್ಲಿ ನಿಂತು, "ಏನಮ್ಮಾ ಇದು, ಎಲ್ಲ ಒಣಗಿ ಹೋಗಿದೆಯಲ್ಲ, ಕಿತ್ತು ಹಾಕಿಬಿಡಲಾ?" ಎಂದರು. "ಬೇಡಿ ಅತ್ತೆ, ಎಲೆಯಲ್ಲಿರೋದನ್ನೆಲ್ಲ ಗೆಡ್ಡೆಗೆ ಇಳಿಸ್ಕೊಳ್ತಾ ಇದೆ, ತಾನೇ ಉದುರಲಿ" ಎಂದೆ. ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ, ಆದರೆ ಕೀಳಲಿಲ್ಲ. ಹಸಿರಿರುವಾಗಲೇ ಎಲೆ ಕಿತ್ತರೆ ಮುಂದಿನ ವರ್ಷದ ಗೆಡ್ಡೆ ಸಣ್ಣದಾಗುತ್ತದೆ, ಹೂ ತಪ್ಪುತ್ತದೆ. ಮುಟ್ಟಿದರೆ ಕೈಗೆ ಬರುವಷ್ಟು ಎಲೆ ಒಣಗಿದ ಮೇಲೆ ತೆಗೆಯಬಹುದು.

ಕ್ಯಾಲೆಂಡರ್ ದೋಷದ ಇನ್ನೊಂದು ರೂಪ ಮಾರ್ಚ್‌ನಲ್ಲಿ ಸಿಗುತ್ತದೆ. ರಾತ್ರಿ ಮೈನಸ್ ಐದಾರು ಡಿಗ್ರಿ ಇಳಿದ ಬೆಳಿಗ್ಗೆ ದಂಟುಗಳೆಲ್ಲ ಬಿಸಿನೀರು ಹುಯ್ದಂತೆ ನೆಲಕ್ಕೆ ಬಾಗಿರುತ್ತವೆ. ಕತ್ತರಿ ತರಬೇಡಿ. ಬಿಸಿಲು ಏರಿ ಕರಗಿದ ಮೇಲೆ, ಮಧ್ಯಾಹ್ನದೊಳಗೆ ಮತ್ತೆ ನೆಟ್ಟಗಾಗುತ್ತವೆ. ಮರುದಿನವೂ ಏಳದೆ ಬುಡದಲ್ಲಿ ಕಪ್ಪಾಗಿ ಲೋಳೆಯಾಗಿದ್ದರೆ ಮಾತ್ರ ಬೇರೆ ಕಾರಣ ಹುಡುಕಬೇಕು.

ಏಪ್ರಿಲ್ ನಡುವಾದರೂ ಮೇಲೆ ಬರದಿದ್ದರೆ

ಇದು ನಿಜವಾದ ದೋಷ. ಈಗ ಅಗೆದು ನೋಡಬಹುದು. ಸಲಿಕೆಗಿಂತ ಕೈಬೆರಳು ಅಥವಾ ಹಳೇ ಚಮಚ ವಾಸಿ, ಯಾಕೆಂದರೆ ಸಾಲಿಡಾದ ಗೆಡ್ಡೆ ಬರೀ 1ರಿಂದ 2.5 ಸೆಂ.ಮೀ. ಅಗಲ.

ಗೆಡ್ಡೆ ಸಿಕ್ಕಿ, ಒತ್ತಿದರೆ ಹಗುರವಾಗಿ ಪುಡಿಯಾಗುತ್ತದೆಯೇ? ನೆಡುವ ಮೊದಲೇ ಒಣಗಿತ್ತು ಎಂದರ್ಥ. ಈರುಳ್ಳಿ, ಟ್ಯುಲಿಪ್‌ಗಳಂತೆ ಇದಕ್ಕೆ ಪದರಪದರದ ದಪ್ಪ ಸಿಪ್ಪೆಯ ರಕ್ಷಣೆ ಇಲ್ಲ. ಬೆಚ್ಚಗಿನ ಅಂಗಡಿಯ ರಟ್ಟಿನ ಪೊಟ್ಟಣದಲ್ಲಿ ನವೆಂಬರ್‌ವರೆಗೆ ತೂಗಿದ್ದರೆ ಒಳಗಿನ ನೀರು ಆರಿಹೋಗುತ್ತದೆ. ಇದಕ್ಕೆ ಪರಿಹಾರ ಇರುವುದು ಕೊಳ್ಳುವಾಗಲೇ. ಪೊಟ್ಟಣದ ಮೇಲಿಂದಲೇ ಒಂದೊಂದನ್ನೂ ಹೆಬ್ಬೆರಳು-ತೋರುಬೆರಳ ನಡುವೆ ಒತ್ತಿ ನೋಡಿ. ಗಟ್ಟಿಯಾಗಿ, ಗಾತ್ರಕ್ಕೆ ತಕ್ಕ ತೂಕ ಇರಬೇಕು. ಸೆಪ್ಟೆಂಬರ್‌ನಲ್ಲೇ ಕೊಂಡು ಅಂದೇ ನೆಡಿ. ತಕ್ಷಣ ಆಗದಿದ್ದರೆ ಸ್ವಲ್ಪವೇ ತೇವದ ಮರಳಿನಲ್ಲಿ ಹೂತಿಟ್ಟು ತಣ್ಣಗಿನ ಜಾಗದಲ್ಲಿಡಿ. ನೀರಲ್ಲಿ ನೆನೆಹಾಕುವ ಉಪಾಯ ಬೇಡ, ಕೊಳೆಯುತ್ತದೆ.

ಒತ್ತಿದರೆ ಮೆತ್ತಗಾಗಿ ನಾರುತ್ತಿದ್ದರೆ ನೀರು ನಿಂತಿದೆ. ಜೇಡಿಮಣ್ಣಿನ ತೋಟಗಳಲ್ಲಿ ಇದು ಸಾಮಾನ್ಯ. ಆ ಜಾಗದಲ್ಲಿ ಎಲೆಗೊಬ್ಬರ, ದಪ್ಪ ಮರಳು ಬೆರೆಸಿ ಮಡಿಯನ್ನು ಸ್ವಲ್ಪ ಎತ್ತರಿಸಿ. ಸಾಲಿಡಾಕ್ಕೆ 5ರಿಂದ 8 ಸೆಂ.ಮೀ. ಆಳ ಸಾಕು, ದೊಡ್ಡ ಗೆಡ್ಡೆಯ ಇನ್ನೊಂದು ಜಾತಿಯಾದ ಕೋರಿಡಾಲಿಸ್ ಕಾವಾಕ್ಕೆ 10 ಸೆಂ.ಮೀ.

ಗೆಡ್ಡೆಯೇ ಸಿಗದೆ ಮಣ್ಣು ಕೆದರಿದ ಗುರುತಿದ್ದರೆ ಅಳಿಲನ್ನು ಅನುಮಾನಿಸಿ. ಹೊಸದಾಗಿ ಅಗೆದ ಮಣ್ಣು ಕಂಡರೆ ಅವು ಒಮ್ಮೆ ಕೈಯಾಡಿಸದೆ ಬಿಡುವುದಿಲ್ಲ. ನೆಟ್ಟ ಮೇಲೆ ಮೊದಲ ಚಳಿಗಾಲ ಒಂದು ತಂತಿಬಲೆ ಹಾಸಿ, ಸುಳಿ ಕಂಡ ಕೂಡಲೇ ತೆಗೆಯಿರಿ. ಸುಳಿ ಮೇಲೆ ಬಂದು ಮೊಟಕಾಗಿ ತಿಂದಂತಿದ್ದರೆ, ಸುತ್ತ ಬೆಳ್ಳಗೆ ಹೊಳೆಯುವ ಗೆರೆ ಇದ್ದರೆ, ಅದು ಚಿಪ್ಪಿಲ್ಲದ ಬಸವನಹುಳುವಿನ ಕೆಲಸ. ರಾತ್ರಿ ಟಾರ್ಚ್ ಹಿಡಿದು ಹೋದರೆ ಕಳ್ಳ ಕೈಗೇ ಸಿಗುತ್ತಾನೆ.

ಗೆಡ್ಡೆ ಟೊಳ್ಳು! ಕೊಳೆತಿದೆಯೇ?

ಈ ಪ್ರಶ್ನೆಗೆ ಸ್ವಲ್ಪ ಹೆಚ್ಚು ಜಾಗ ಕೊಡಬೇಕು, ಯಾಕೆಂದರೆ ಚೆನ್ನಾಗಿರುವ ಗೆಡ್ಡೆಗಳು ಕಸದ ಬುಟ್ಟಿ ಸೇರುವುದು ಇಲ್ಲೇ.

ಕೋರಿಡಾಲಿಸ್ ಕಾವಾದ ಗೆಡ್ಡೆ ವರ್ಷ ವರ್ಷ ಬೆಳೆಯುತ್ತಾ ಹೋಗುವ ಒಂದೇ ಗೆಡ್ಡೆ. 5 ಸೆಂ.ಮೀ. ದಾಟುವುದೂ ಉಂಟು. ವಯಸ್ಸಾದಂತೆ ಒಳಗಿನಿಂದ ಸವೆದು ಟೊಳ್ಳಾಗುತ್ತದೆ, ಕೆಳಭಾಗ ಗುಂಡಿ ಬಿದ್ದಂತಿರುತ್ತದೆ, ಹೊರಮೈ ಕಂದು, ಒರಟು. ನೋಡಲು ಚೆನ್ನಾಗಿಲ್ಲ, ಆದರೆ ಇದೇ ಅದರ ಆರೋಗ್ಯದ ಸ್ಥಿತಿ. ಗೋಡೆ ಗಟ್ಟಿಯಾಗಿದ್ದು, ಉಗುರಿನಿಂದ ಕೆರೆದಾಗ ಒಳಗೆ ಹಸಿಯಾದ ಹಳದಿ ಬಣ್ಣ ಕಂಡರೆ ನಿಶ್ಚಿಂತೆಯಿಂದ ನೆಡಿ. ಗುಂಡಿ ಇರುವ ಕಡೆ ಕೆಳಗೆ, ಸುಳಿಯ ಮೊಗ್ಗು ಇರುವ ಕಡೆ ಮೇಲೆ. ಗುಂಡಿಯನ್ನು ಬಟ್ಟಲೆಂದುಕೊಂಡು ಮೇಲ್ಮುಖ ಮಾಡಿ ನೆಡುವವರು ಬಹಳ. ಹಾಗೆ ನೆಟ್ಟರೆ ಸುಳಿ ಸುತ್ತು ಹಾಕಿ ಬರಬೇಕು, ಜೊತೆಗೆ ಗುಂಡಿಯಲ್ಲಿ ನೀರು ಕೂರುತ್ತದೆ. ಯಾವುದು ಮೇಲು ಯಾವುದು ಕೆಳಗು ಗೊತ್ತೇ ಆಗದಿದ್ದರೆ ಪಕ್ಕಕ್ಕೆ ಮಲಗಿಸಿ ನೆಡಿ.

ಸಾಲಿಡಾದ ರೀತಿ ಬೇರೆ. ಅದು ಪ್ರತಿ ವರ್ಷ ಹಳೆಯ ಗೆಡ್ಡೆಯನ್ನು ಪೂರ್ತಿ ಖರ್ಚು ಮಾಡಿ, ಅದರ ಜಾಗದಲ್ಲೇ ಹೊಸದನ್ನು ಕಟ್ಟುತ್ತದೆ. ಹೂವಿನ ಕಾಲದಲ್ಲಿ ಅಗೆದರೆ ಸುಕ್ಕುಗಟ್ಟಿದ ಹಳೆಯ ಹೊದಿಕೆಯ ಒಳಗೆ ಬಿಳಿ-ಹಳದಿಯ ನುಣುಪಾದ ಹೊಸ ಗೆಡ್ಡೆ ಕಾಣುತ್ತದೆ. ಹೊರಗಿನದು ಕೊಳೆತಂತೆ ಕಂಡರೂ ಒಳಗಿನದನ್ನು ನೋಡದೆ ತೀರ್ಪು ಕೊಡಬೇಡಿ. ಎರಡು ದಂಟು ಎದ್ದ ಗೆಡ್ಡೆ ಸಾಧಾರಣವಾಗಿ ಎರಡಾಗುತ್ತದೆ. ಆದ್ದರಿಂದಲೇ ಸಾಲಿಡಾ ಬೇಗ ಗುಂಪಾಗುತ್ತದೆ. ಕಾವಾ ತಾನಾಗಿ ಒಡೆಯುವುದಿಲ್ಲ, ಅದರ ಸಂತಾನ ಬೀಜದಿಂದ.

ನಿಮ್ಮದು ಯಾವ ಜಾತಿ? ಹೂ ನೋಡಬೇಡಿ, ದಂಟು ನೋಡಿ

ಹೆಸರಿನ ಗೊಂದಲ ಹಳೆಯದು. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನಿಯಸ್ 1753ರಲ್ಲಿ ಟೊಳ್ಳು ಗೆಡ್ಡೆಯದು, ಗಟ್ಟಿ ಗೆಡ್ಡೆಯದು, ಎರಡರ ನಡುವಿನದು ಎಲ್ಲವನ್ನೂ ಫ್ಯುಮಾರಿಯಾ ಬಲ್ಬೋಸಾ ಎಂಬ ಒಂದೇ ಹೆಸರಿನಡಿ ಮೂರು ಬಗೆಯಾಗಿ ಸೇರಿಸಿದ. ಮುಂದೆ ಅವು ಬೇರೆ ಬೇರೆ ಜಾತಿಗಳಾದರೂ 'ಬಲ್ಬೋಸಾ' ಎಂಬ ಹೆಸರು ಕೆಲವರ ಕೈಯಲ್ಲಿ ಕಾವಾಕ್ಕೂ ಕೆಲವರ ಕೈಯಲ್ಲಿ ಸಾಲಿಡಾಕ್ಕೂ ಅಂಟಿಕೊಂಡಿತು. ಹಳೆಯ ಚೀಟಿಯ ಮೇಲೆ ಕೋರಿಡಾಲಿಸ್ ಬಲ್ಬೋಸಾ ಎಂದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಬಣ್ಣವೂ ನೆರವಾಗದು. ಎರಡರಲ್ಲೂ ನೇರಳೆ ಇದೆ, ಎರಡರಲ್ಲೂ ಬಿಳಿ ಇದೆ. ಲೈಪ್‌ಜಿಗ್‌ನ ನದಿಯಂಚಿನ ಕಾಡಿನಲ್ಲಿ ಏಪ್ರಿಲ್‌ನಲ್ಲಿ ಕಾವಾದ ಬಿಳಿ, ನೇರಳೆ ಹೂಗಳು ಒಂದೇ ಗುಂಪಿನಲ್ಲಿ ಬೆರೆತು ನಿಂತಿರುತ್ತವೆ.

ಗೆಡ್ಡೆ ಕೀಳದೆಯೇ ಗುರುತಿಸಲು ಎರಡು ಜಾಗ ನೋಡಿದರೆ ಸಾಕು.

ಮೊದಲನೆಯದು ದಂಟಿನ ಬುಡ. ಒಂದು ಗಿಡದ ಸುತ್ತ ಬೆರಳಿನಿಂದ ಒಂದೆರಡು ಸೆಂ.ಮೀ. ಮಣ್ಣು ಸರಿಸಿ. ಕೆಳಗಿನ ಎಲೆಗಿಂತ ಕೆಳಗೆ, ನೆಲಮಟ್ಟದಲ್ಲೋ ಅದಕ್ಕಿಂತ ಕೊಂಚ ಒಳಗೋ, ದಂಟನ್ನು ತಬ್ಬಿಕೊಂಡಂತೆ ಬಿಳಿಚಿದ ಒಂದು ಪುಟ್ಟ ಪೊರೆ ಇದೆಯೇ? ಕೆಲವೊಮ್ಮೆ ಅದರ ಕಂಕುಳಿಂದ ಒಂದು ಎಲೆಯೋ ಕವಲೋ ಹೊರಟಿರುತ್ತದೆ. ಆ ಪೊರೆ ಇದ್ದರೆ ಸಾಲಿಡಾ ಅಥವಾ ಅದರ ಬಳಗ. ಇಲ್ಲದೆ ದಂಟು ಬೋಳಾಗಿದ್ದರೆ ಕಾವಾ.

ಎರಡನೆಯದು ಹೂತೊಟ್ಟಿನ ಬುಡದಲ್ಲಿರುವ ಪುಟ್ಟ ಎಲೆ, ತೊಟ್ಟೆಲೆ ಎನ್ನೋಣ. ಸಾಲಿಡಾದಲ್ಲಿ ಅದು ಬೆರಳುಬೆರಳಾಗಿ ಸೀಳಿರುತ್ತದೆ. ಕಾವಾದಲ್ಲಿ ಸೀಳಿಲ್ಲದೆ ಅಂಡಾಕಾರ. ಇದಕ್ಕೆ ಬಾಗುವುದೂ ಬೇಡ, ಫೋನ್‌ನಲ್ಲಿ ಹತ್ತಿರದಿಂದ ಒಂದು ಚಿತ್ರ ಸಾಕು. ಕಾವಾದ ಹೂಬಾಲದ ತುದಿ ಕೆಳಕ್ಕೆ ಚೆನ್ನಾಗಿ ಬಾಗಿರುತ್ತದೆ ಎಂಬುದು ಮೂರನೆಯ ಸಾಕ್ಷಿ.

ಪೊರೆ ಇದೆ, ಆದರೆ ತೊಟ್ಟೆಲೆ ಸೀಳಿಲ್ಲ, ಹೂ ಸಣ್ಣವು, ನಾಲ್ಕಾರೇ ಇವೆ ಎಂದಾದರೆ ಇಂಟರ್‌ಮೀಡಿಯಾ ಇರಬಹುದು. ಪೊರೆ ಇದೆ, ತೊಟ್ಟೆಲೆ ಸೀಳಿದೆ, ಗಿಡ ತೀರಾ ಗಿಡ್ಡ, ಕಾಯಿ ಕಟ್ಟಿದ ಮೇಲೆ ಗೊಂಚಲು ತಲೆ ತಗ್ಗಿಸಿದೆ ಎಂದಾದರೆ ಪ್ಯುಮಿಲಾ. ಕೆನೆಬಿಳಿ ಹೂವಿಗೆ ಅಗಲವಾದ ತುಟಿ, ತೊಟ್ಟೆಲೆಗೆ ಸೀಳಿಲ್ಲ, ಕೆಳಗೆ ಪೊರೆ ಇದೆ ಎಂದರೆ ಕಾಕಸಸ್ ಕಡೆಯ ಮಾಲ್ಕೆನ್ಸಿಸ್. ಒಮ್ಮೆ ನೆಲೆ ಕಂಡರೆ ತೋಟವಿಡೀ ಬೀಜ ಚೆಲ್ಲುತ್ತದೆ, ಅದಕ್ಕೆ ನನ್ನ ಅಭ್ಯಂತರವಿಲ್ಲ. ಎರಡು ಎಲೆ ಎದುರುಬದುರಾಗಿ ಕೂತಿದ್ದು ಪೊರೆಯೇ ಇಲ್ಲದಿದ್ದರೆ ಮಧ್ಯ ಏಷ್ಯಾದ ಪೊಪೊವಿಐ, ಲೆಡೆಬೂರಿಯಾನಾ ಮುಂತಾದವುಗಳ ಗುಂಪು. ಇವುಗಳ ಆರೈಕೆಯೇ ಬೇರೆ, ಮುಂದೆ ಹೇಳುತ್ತೇನೆ. ಈ ಗೆಡ್ಡೆ ಜಾತಿಗಳ ಗಂಟನ್ನು ಬಹುಮಟ್ಟಿಗೆ ಬಿಡಿಸಿದವರು ಸ್ವೀಡನ್ನಿನ ಮ್ಯಾಗ್ನಸ್ ಲಿಡೆನ್ ಮತ್ತು ಗೋಥೆನ್‌ಬರ್ಗ್ ಸಸ್ಯೋದ್ಯಾನದ ಹೆನ್ರಿಕ್ ಸೆಟರ್‌ಲುಂಡ್.

ಕೆಂಪು ಕೇಳಿದೆ, ನೇರಳೆ ಬಂತು

'ಜಾರ್ಜ್ ಬೇಕರ್' ಎಂಬುದು ರೊಮೇನಿಯಾದ ಟ್ರಾನ್ಸಿಲ್ವೇನಿಯಾ ಮೂಲದ ಸಾಲಿಡಾದ ಇಟ್ಟಿಗೆಗೆಂಪು ತಳಿ, 'ಬೆತ್ ಇವಾನ್ಸ್' ಗುಲಾಬಿ. ಇವು ಗೆಡ್ಡೆ ಒಡೆದು ಬೆಳೆಸಬೇಕಾದ ತಳಿಗಳು. ಆದರೆ ಕೆಂಪು ಸಾಲಿಡಾದ ಬೀಜದಿಂದ ಎದ್ದ ಮರಿಗಳೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಅವುಗಳಲ್ಲಿ ಕೆಂಪೂ ಇರುತ್ತದೆ, ಮಾಸಿದ ಗುಲಾಬಿಯೂ ಇರುತ್ತದೆ, ಮಾಮೂಲಿ ನೇರಳೆಯೂ ಇರುತ್ತದೆ.

ದೋಷ ಅಂಗಡಿಯದೋ ತೋಟದ್ದೋ ಎಂದು ತಿಳಿಯುವ ಬಗೆ ಹೀಗೆ. ನೆಟ್ಟ ಮೊದಲ ವಸಂತದಲ್ಲೇ ಬಣ್ಣ ಬೇರೆಯಾಗಿದ್ದರೆ ಕೊಂಡದ್ದೇ ಬೇರೆ. ಮೊದಲ ವರ್ಷಗಳಲ್ಲಿ ಕೆಂಪಿದ್ದು ನಾಲ್ಕೈದು ವರ್ಷದ ಮೇಲೆ ನೇರಳೆ ನುಗ್ಗಿದರೆ, ಗೆಡ್ಡೆ ಬಣ್ಣ ಬದಲಿಸಿಲ್ಲ, ಗುಂಪಿನ ನಡುವೆ ಬೀಜದ ಮರಿಗಳು ಎದ್ದು ಹೂವಿಗೆ ಬಂದಿವೆ. ಸಾಲಿಡಾಕ್ಕೆ ಸಾಮಾನ್ಯವಾಗಿ ತನ್ನದೇ ಪರಾಗ ಸಲ್ಲದು, ಬೇರೆ ಗಿಡದ್ದು ಬೇಕು. ಪಕ್ಕದಲ್ಲಿ ನೇರಳೆ ಸಾಲಿಡಾ ಇದ್ದರೆ ಅಡ್ಡ ಬೆರಕೆ ಖಂಡಿತ. ಶುದ್ಧ ಕೆಂಪು ಬೇಕೆಂದರೆ ಹೂವಿರುವಾಗಲೇ ಬೇಡದ ಬಣ್ಣದ ದಂಟಿಗೆ ಉಲ್ಲನ್ ದಾರ ಕಟ್ಟಿ ಗುರುತು ಮಾಡಿ, ಎಲೆ ಹಳದಿಯಾಗುವಾಗ ಗೆಡ್ಡೆ ಸಮೇತ ಎತ್ತಿ ಬೇರೆ ಕಡೆ ನೆಡಿ. ನನಗೇನೋ ಬೆರಕೆಯೇ ಇಷ್ಟ. ಹೊಸ ಬಣ್ಣಗಳು ಹುಟ್ಟುವುದು ಅಲ್ಲಿಂದಲೇ.

ಒಂಟಿ 'ಜಾರ್ಜ್ ಬೇಕರ್' ಕಾಯಿ ಕಟ್ಟಲಿಲ್ಲ ಎಂಬ ದೂರಿಗೂ ಉತ್ತರ ಇದೇ. ಹೂಬಾಲದ ಮೇಲೆ ಸಣ್ಣ ತೂತುಗಳಿದ್ದರೆ ಇನ್ನೊಂದು ಕಾರಣವೂ ಸೇರಿದೆ. ನಾಲಗೆ ಗಿಡ್ಡ ಇರುವ ದುಂಬಿಗಳು ಬಾಲವನ್ನು ಕಚ್ಚಿ ತೂತು ಮಾಡಿ ಮಕರಂದ ಕದಿಯುತ್ತವೆ, ಪರಾಗ ಮುಟ್ಟುವುದೇ ಇಲ್ಲ. ಇದು ರೋಗವಲ್ಲ, ಔಷಧಿ ಹೊಡೆಯುವ ಕೆಲಸವಿಲ್ಲ.

ಬೀಜ ಹಾಕಿದವರ ದೂರೂ ಹತ್ತಿರದ್ದೇ. ಕಾಯಿ ಹಸಿರಿರುವಾಗಲೇ ಒಡೆದು ಕಪ್ಪು ಹೊಳೆಯುವ ಬೀಜ ಉದುರುತ್ತದೆ. ಬೀಜಕ್ಕಂಟಿದ ಬಿಳಿ ಎಣ್ಣೆಯ ತುಣುಕಿಗಾಗಿ ಇರುವೆಗಳು ಹೊತ್ತೊಯ್ಯುತ್ತವೆ, ಆದ್ದರಿಂದ ಕಲ್ಲುಸಂದಿಯಲ್ಲೂ ಮರಿ ಏಳುವುದುಂಟು. ಹಾಗೆ ಉದುರಿದ ತಕ್ಷಣ ಬಿತ್ತಬೇಕು. ಒಣಗಿಸಿ ಡಬ್ಬಿಯಲ್ಲಿಟ್ಟ ಬೀಜ ಬಹುಪಾಲು ಕೈಕೊಡುತ್ತದೆ. ಬೇಸಿಗೆಯ ಬಿಸಿ, ನಂತರ ಚಳಿ ಎರಡೂ ಸಿಕ್ಕ ಮೇಲೆ ಮುಂದಿನ ವಸಂತದಲ್ಲಿ ಮೊಳಕೆ. ಮೊಳಕೆಗೆ ಎರಡೆಲೆ ಬರುವ ದ್ವಿದಳ ಸಸ್ಯಗಳ ಸಾಲಿನದಾದರೂ ಇದರ ಮೊಳಕೆಗೆ ಒಂದೇ ಎಲೆ, ಅದೂ ಸೀಳಿಲ್ಲದ ಸಾದಾ ಎಲೆ. ಕಳೆ ಎಂದು ಕಿತ್ತುಬಿಡುತ್ತೇವೆ. ಹೂ ಬರಲು ಮೂರು-ನಾಲ್ಕು ವರ್ಷ.

ಎಲೆ ಇದೆ, ಹೂವಿಲ್ಲ

ಹೊಸ ಗಿಡವಾದರೆ ಗೆಡ್ಡೆ ಸಣ್ಣದು, ಕಾಯಿರಿ. ಹಳೆಯ ಗುಂಪಾದರೆ ಇಕ್ಕಟ್ಟು. ಎಲೆ ಹಳದಿಯಾಗುವಾಗ ಎತ್ತಿ, ಬಿಡಿಸಿ, ಒಂದಕ್ಕೊಂದು 8-10 ಸೆಂ.ಮೀ. ಅಂತರ ಕೊಟ್ಟು ಕೂಡಲೇ ಮತ್ತೆ ನೆಡಿ. ವರ್ಷವಿಡೀ ಹಸಿರಿರುವ ಮರಗಳ ಕೆಳಗೆ ನೆಟ್ಟಿದ್ದರೆ ವಸಂತದ ಬಿಸಿಲೇ ಸಿಗುವುದಿಲ್ಲ. ಎಲೆ ಉದುರಿಸುವ ಮರದಡಿ ಅದರ ನಿಜವಾದ ಜಾಗ.

ಎಲೆಯ ಮೇಲೆ ಕಲೆ, ಕೆಳಗೆ ಬೂಜು

ಏಪ್ರಿಲ್‌ನಲ್ಲಿ, ಹೂವಿನ ಸಮಯದಲ್ಲೇ ಎಲೆ ಮೇಲೆ ತಿಳಿಹಳದಿ ಮಚ್ಚೆ ಬಂದರೆ ಎಲೆ ತಿರುಗಿಸಿ ನೋಡಿ. ಕೆಳಮೈಯಲ್ಲಿ ಬೂದು-ಬಿಳಿ ತುಪ್ಪಟ ಇದ್ದರೆ ಅದು ಬೂಜುತುಪ್ಪಟ ರೋಗ, ಪೆರೊನೊಸ್ಪೊರಾ ಕೋರಿಡಾಲಿಸ್ ಎಂಬ ಸೂಕ್ಷ್ಮಜೀವಿಯದು. ವಿಜಯಪುರದ ದ್ರಾಕ್ಷಿ ಬೆಳೆಗಾರರು ಇದರ ಹತ್ತಿರದ ಸಂಬಂಧಿಯನ್ನು ಚೆನ್ನಾಗಿ ಬಲ್ಲರು. ಮನೆಯ ತೋಟದಲ್ಲಿ ಸಿಂಪಡಣೆಗಿಂತ ರೋಗದ ಗಿಡವನ್ನು ಗೆಡ್ಡೆ ಸಮೇತ ತೆಗೆದು ಮನೆಯ ಕಸಕ್ಕೆ ಹಾಕುವುದು ಲೇಸು, ಗೊಬ್ಬರದ ಗುಂಡಿಗಲ್ಲ. ಇಕ್ಕಟ್ಟಾದ ಗುಂಪುಗಳಲ್ಲಿ ಗಾಳಿಯಾಡದೆ ಇದು ಬೇಗ ಹರಡುತ್ತದೆ.

ಎಲೆ ಕಚ್ಚಿ ತಿಂದ ಗುರುತಿದ್ದು ಕಿತ್ತಳೆ ಚುಕ್ಕೆಗಳ ಕಪ್ಪು ಕಂಬಳಿಹುಳು ಕಂಡರೆ ಬಿಟ್ಟುಬಿಡಿ. ನೆಮೊಸೈನ್ ಅಪೊಲೊ ಎಂಬ ಬಿಳಿ ಚಿಟ್ಟೆಯ ಮರಿಗಳಿಗೆ ಕೋರಿಡಾಲಿಸ್ ಬಿಟ್ಟರೆ ಬೇರೆ ಮೇವಿಲ್ಲ, ಆ ಚಿಟ್ಟೆ ಯೂರೋಪಿನ ಹಲವೆಡೆ ಅಪರೂಪವಾಗುತ್ತಿದೆ. ನಿಮ್ಮ ತೋಟಕ್ಕೆ ಬಂದಿದ್ದರೆ ಅದು ಭಾಗ್ಯ.

ಚೆನ್ನಾಗಿ ಹೂ ಬಿಟ್ಟದ್ದು ಮರುವರ್ಷ ಮಾಯ

ಇಲ್ಲಿ ಜಾತಿ ಗೊತ್ತಿರಲೇಬೇಕು. ಮಲಗುವ ಕಾಲದಲ್ಲಿ ಎಷ್ಟು ನೀರು ಎಂಬುದೇ ಪ್ರಶ್ನೆ. ಪೊಪೊವಿಐ, ಲೆಡೆಬೂರಿಯಾನಾಗಳ ಊರಿನಲ್ಲಿ ಬೇಸಿಗೆ ಒಣ. ಯೂರೋಪಿನ ಮಳೆಗೆ ಬಿಟ್ಟರೆ ಜುಲೈನಲ್ಲಿ ಕೊಳೆಯುತ್ತವೆ. ಇವನ್ನು ಕುಂಡದಲ್ಲಿ ಬೆಳೆಸಿ, ಎಲೆ ಒಣಗಿದ ಮೇಲೆ ಗಾಜಿನ ಮಾಡಿನಡಿ ಇಡಿ. ರಷ್ಯದ ಪೂರ್ವ ತುದಿಯ ನೀಲಿಹೂವಿನ ಟರ್ಚಾನಿನೊವಿಐ, ಫ್ಯುಮಾರಿಫೋಲಿಯಾಗಳಿಗೆ ತದ್ವಿರುದ್ಧ. ಅವು ಕಾಡಿನ ಗಿಡಗಳು, ಬೇಸಿಗೆಯಲ್ಲೂ ಮಣ್ಣು ಪೂರ್ತಿ ಒಣಗಬಾರದು. ಸೈಬೀರಿಯಾದ ಹಳದಿ ಬ್ರ್ಯಾಕ್ಟಿಯಾಟಾಕ್ಕೆ ನೀರಿಗಿಂತ ಹವೆಯ ಕಾಟ. ಜನವರಿಯ ಸುಳ್ಳು ಬಿಸಿಗೆ ಮೋಸಹೋಗಿ ಬೇಗ ಎದ್ದು, ಮತ್ತೆ ಬಂದ ಹಿಮಕ್ಕೆ ಸಿಕ್ಕಿಕೊಳ್ಳುತ್ತದೆ. ಸಾಲಿಡಾ, ಕಾವಾ ಎರಡೂ ಈ ವಿಷಯದಲ್ಲಿ ತಕರಾರಿಲ್ಲದವು. ಹೊಸಬರು ಅವುಗಳಿಂದಲೇ ಶುರು ಮಾಡುವುದು ಒಳ್ಳೆಯದು.

ಅಚ್ಚನೀಲಿ ಹೂವಿನ ಫ್ಲೆಕ್ಸುವೋಸಾ ಕೊಂಡು "ಗೆಡ್ಡೆ ಕಾಣುತ್ತಿಲ್ಲ" ಎನ್ನುವವರೂ ಇದ್ದಾರೆ. ಅದಕ್ಕೆ ದುಂಡು ಗೆಡ್ಡೆ ಇರುವುದೇ ಇಲ್ಲ. ಚೀನಾದ ಸಿಚುವಾನ್‌ನಿಂದ 1989ರಲ್ಲಿ ಬ್ರಿಟನ್‌ಗೆ ಬಂದ ಆ ಗಿಡ ನೆಲದಡಿಯ ದಂಟಿನಿಂದ ಹರಡುತ್ತದೆ. ಬೇಸಿಗೆಯ ಬಿಸಿಗೆ ಮಲಗಿ, ಶರತ್ಕಾಲದಲ್ಲಿ ಮತ್ತೆ ಎಲೆ ಬಿಡುತ್ತದೆ. ಈ ಕೈಪಿಡಿಯ ಪರೀಕ್ಷೆಗಳು ಅದಕ್ಕೆ ಹೊಂದುವುದಿಲ್ಲ.

ಬೆಂಗಳೂರಿನಲ್ಲಿ ಯಾಕೆ ಬರಲಿಲ್ಲ?

ಆನ್‌ಲೈನ್‌ನಲ್ಲಿ ಗೆಡ್ಡೆ ತರಿಸಿಕೊಂಡವರು ಕೇಳುತ್ತಾರೆ. ಸಾಲಿಡಾಕ್ಕೆ ವಾರಗಟ್ಟಲೆ ಸೊನ್ನೆಯ ಆಸುಪಾಸಿನ ಚಳಿ ಬೇಕು. ಬೆಂಗಳೂರಿನ ಚಳಿಗಾಲದ ರಾತ್ರಿ ಸಾಮಾನ್ಯವಾಗಿ 15 ಡಿಗ್ರಿಯ ಆಜುಬಾಜು. ಫ್ರಿಜ್‌ನಲ್ಲಿಟ್ಟು ಒಮ್ಮೆ ಹೂ ಬರಿಸಬಹುದೇನೋ, ಆದರೆ ಮಾರ್ಚ್‌ನ ಸೆಖೆಗೆ ಎಲೆ ಬೇಗ ಸುಟ್ಟುಹೋಗಿ ಹೊಸ ಗೆಡ್ಡೆ ಕಟ್ಟುವುದಿಲ್ಲ. ಮಡಿಕೇರಿಯ ಚಳಿಯೂ ಸಾಲದು. ಭಾರತದಲ್ಲೇ ಗೆಡ್ಡೆಯ ಕೋರಿಡಾಲಿಸ್ ನೋಡಬೇಕೆಂದರೆ ವಸಂತದಲ್ಲಿ ಪಶ್ಚಿಮ ಹಿಮಾಲಯಕ್ಕೆ ಹೋಗಿ. ಅಲ್ಲಿ ಡೈಫಿಲ್ಲಾ ಎಂಬ ಎರಡೆಲೆಯ ಜಾತಿ ತಾನಾಗಿ ಬೆಳೆಯುತ್ತದೆ.

ಗೆಡ್ಡೆ ಎಂದ ಮಾತ್ರಕ್ಕೆ ಅಡುಗೆಮನೆಗೆ ಒಯ್ಯಬೇಡಿ. ಕಾವಾದಲ್ಲಿ ಬಲ್ಬೊಕ್ಯಾಪ್ನಿನ್ ಎಂಬ ವಿಷವಸ್ತು ಇದೆ, ಅದು ಪ್ರಾಣಿಗಳನ್ನು ಮರಗಟ್ಟಿಸುತ್ತದೆ. ಬಾಯಿಗೆ ಸಿಕ್ಕಿದ್ದನ್ನು ಹಾಕಿಕೊಳ್ಳುವ ವಯಸ್ಸಿನ ಮಕ್ಕಳಿರುವ ಮನೆಯಲ್ಲಿ ಅಗೆದ ಗೆಡ್ಡೆಯನ್ನು ಮೆಟ್ಟಿಲ ಮೇಲೆ ಬಿಟ್ಟು ಒಳಗೆ ಹೋಗಬೇಡಿ.